ಎಲ್ಲ ಮಂಚಕ್ಕೂ ಒಂದೇ ಮಗ್ಗು ಬೇಡ: ವೃದ್ಧಾಶ್ರಮದಲ್ಲಿ ಕ್ಯಾಥೆಟರ್ ಸೋಂಕು ತಡೆಯುವುದು ಹೇಗೆ

ಬೆಳಗ್ಗೆ ಆರು ಗಂಟೆ. ವೃದ್ಧಾಶ್ರಮದ ಉದ್ದನೆಯ ಹಾಲು, ಎಂಟು ಮಂಚ. ಮೂವರಿಗೆ ಯೂರಿನ್ ಪೈಪು, ಅಂದರೆ ಕ್ಯಾಥೆಟರ್. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಡುವ ಅವಸರದಲ್ಲಿರುವ ಆಯಾ ಪ್ಲಾಸ್ಟಿಕ್ ಮಗ್ಗು ಹಿಡಿದು ಬರುತ್ತಾರೆ. ಒಂದನೇ ಮಂಚದ ತಾತನ ಮೂತ್ರದ ಬ್ಯಾಗು ಖಾಲಿ ಮಾಡುತ್ತಾರೆ. ಮಗ್ಗನ್ನು ಟಾಯ್ಲೆಟ್ಟಿಗೆ ಸುರಿದು, ಅದೇ ಗ್ಲೌಸಿನಲ್ಲಿ ನಾಲ್ಕನೇ ಮಂಚದ ಅಜ್ಜಿಯ ಹತ್ತಿರ ಹೋಗುತ್ತಾರೆ. ಆಮೇಲೆ ಏಳನೇ ಮಂಚ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ತಾತನ ಬ್ಯಾಗಿನಲ್ಲಿದ್ದ ರೋಗಾಣುಗಳು ಇನ್ನಿಬ್ಬರ ಬ್ಯಾಗಿನ ತುದಿಗೆ ಅಂಟಿದ್ದೂ ಆಯಿತು.

ಆಯಾ ಸೋಮಾರಿ ಅಂತ ಅಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಮೂರು ಮಗ್ಗು ತಂದುಕೊಟ್ಟೂ ಇಲ್ಲ.

"ವಯಸ್ಸಾದವರಿಗೆ ಪೈಪ್ ಹಾಕಿದ ಮೇಲೆ ಇನ್‌ಫೆಕ್ಷನ್ ಆಗೋದೇ ಬಿಡಿ" ಎಂದು ಕೈಚೆಲ್ಲುವವರು ಜಾಸ್ತಿ. ಆದರೆ ಅಮೆರಿಕದ 404 ನರ್ಸಿಂಗ್ ಹೋಮ್‌ಗಳಲ್ಲಿ ನಡೆದ ಒಂದು ಕಾರ್ಯಕ್ರಮದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮಲ್ಲಿಯ ಹಾಗೆ ಚಿಕ್ಕ ಆಸ್ಪತ್ರೆ ಅಲ್ಲ, ಹಿರಿಯರು ವಾಸವಿದ್ದು ಆರೈಕೆ ಪಡೆಯುವ ಜಾಗ. ಸಾವಿರ ಕ್ಯಾಥೆಟರ್ ದಿನಕ್ಕೆ (ಒಬ್ಬರಿಗೆ ಒಂದು ದಿನ ಪೈಪಿದ್ದರೆ ಒಂದು ಕ್ಯಾಥೆಟರ್ ದಿನ) 6.78 ಇದ್ದ ಸೋಂಕು 2.63ಕ್ಕೆ ಇಳಿಯಿತು. ಹೊಸ ಔಷಧಿಯಿಂದ ಅಲ್ಲ. ಪೈಪು ಇನ್ನೂ ಬೇಕಾ ಎಂದು ಕೇಳಿದರು, ಶುಚಿಯಾಗಿ ಹಾಕಿದರು, ಕೈ ತೊಳೆದರು, ಸಿಬ್ಬಂದಿಗೆ ಕಲಿಸಿದರು. ನನಗೆ ಕುತೂಹಲ ಅನ್ನಿಸಿದ್ದು ಬೇರೆ: ಪೈಪು ಇದ್ದವರ ಪ್ರಮಾಣ ಅಲ್ಲಿ ಹೆಚ್ಚೂಕಡಿಮೆ ಹಾಗೇ ಉಳಿಯಿತು. ಬದಲಾಗಿದ್ದು ನೋಡಿಕೊಳ್ಳುವ ರೀತಿ.

ಮುಂದಿನದು ವೃದ್ಧಾಶ್ರಮದ ಸಿಸ್ಟರ್‌ಗಳಿಗೆ, ಆಯಾಗಳಿಗೆ, ಕೇರ್‌ಟೇಕರ್‌ಗಳಿಗೆ. ಅಪ್ಪ ಅಮ್ಮನನ್ನು ಅಲ್ಲಿ ಬಿಟ್ಟಿರುವ ಮಕ್ಕಳಿಗೂ ಹೌದು. ಏನು ಕೇಳಬೇಕು ಅಂತ ಅವರಿಗೂ ಗೊತ್ತಿರಲಿ.

ರೋಗಾಣು ಒಳಗೆ ಹೋಗುವ ದಾರಿಗಳು

ಮಾಮೂಲಿಯಾಗಿ ಮೂತ್ರ ಹರಿದು ಹೋಗುವಾಗ ದಾರಿಯನ್ನೂ ತೊಳೆದುಕೊಂಡು ಹೋಗುತ್ತದೆ. ಪೈಪು ಇದ್ದಾಗ ಆ ತೊಳೆಯುವಿಕೆ ಇಲ್ಲ. ಮೂತ್ರಕೋಶಕ್ಕೆ ಹಗಲೂ ರಾತ್ರಿ ಬಾಗಿಲು ತೆರೆದಿಟ್ಟ ಹಾಗೆ. ರೋಗಾಣು ಮೂರು ಕಡೆಯಿಂದ ನುಗ್ಗುತ್ತದೆ: ಪೈಪು ಮೈಯೊಳಗೆ ಹೋಗುವ ಜಾಗ, ಪೈಪು ಮತ್ತು ಬ್ಯಾಗಿನ ಟ್ಯೂಬ್ ಸೇರುವ ಜಾಯಿಂಟು, ಬ್ಯಾಗಿನ ಕೆಳಗಿನ ವಾಲ್ವ್. ಮೊದಲನೆಯದಕ್ಕೆ ರೋಗಾಣು ಹೆಚ್ಚಾಗಿ ಬರುವುದು ಅವರದೇ ಮಲದಿಂದ. ಉಳಿದ ಎರಡಕ್ಕೆ ನಮ್ಮ ಕೈಯಿಂದ.

ಹೀಗೆ ಬಂದದ್ದು ಪೈಪಿನ ಗೋಡೆಗೆ ಅಂಟಿ ಲೋಳೆಯ ಪದರ ಕಟ್ಟುತ್ತದೆ. ನೀರಿನ ಡ್ರಮ್ಮಿನೊಳಗೆ ಕೈಯಾಡಿಸಿದರೆ ಜಾರುತ್ತದಲ್ಲ, ಅಂಥದ್ದೇ. ಇದಕ್ಕೆ ಬಯೋಫಿಲ್ಮ್ ಅನ್ನುತ್ತಾರೆ. ಆ ಲೋಳೆಯೊಳಗೆ ಆಂಟಿಬಯೋಟಿಕ್ ಸರಿಯಾಗಿ ಇಳಿಯುವುದಿಲ್ಲ. ಪ್ರೋಟಿಯಸ್ ಎಂಬ ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡರಂತೂ ಮೂತ್ರ ಕ್ಷಾರವಾಗಿ, ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರುವ ಹಾಗೆ ಪೈಪಿನೊಳಗೆ ಉಪ್ಪು ಕಟ್ಟುತ್ತದೆ. ಪೈಪು ಬ್ಲಾಕ್.

ಪೈಪು ಹಾಕಿದ ಮೇಲೆ ಪ್ರತಿ ದಿನ ನೂರರಲ್ಲಿ ಮೂರರಿಂದ ಏಳು ಜನರ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುತ್ತದೆ. ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಕೆಲಸ: ಈ ಪೈಪು ಯಾಕಿದೆ?

ಆಸ್ಪತ್ರೆಯಿಂದ ಅಜ್ಜಿ ವಾಪಸ್ ಬರುತ್ತಾರೆ. ಸೊಂಟದ ಆಪರೇಷನ್ ಆಗಿದೆ. ಜೊತೆಗೆ ಪೈಪೂ ಬಂದಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಎರಡು ತಿಂಗಳಾದರೂ ಪೈಪು ಅಲ್ಲೇ. ಯಾರಿಗೂ ಅದು ಯಾಕೆ ಅಂತ ಗೊತ್ತಿಲ್ಲ. ತೆಗೆಯಲು ಹೇಳುವವರೂ ಇಲ್ಲ. ಇಂಥ ಅಜ್ಜಿಯರನ್ನು ನಾನು ಒಬ್ಬಿಬ್ಬರನ್ನಲ್ಲ, ತುಂಬ ಜನರನ್ನು ನೋಡಿದ್ದೇನೆ.

ಆದ್ದರಿಂದ ಆಸ್ಪತ್ರೆಯಿಂದ ಬಂದ ದಿನವೇ ಫೋನ್ ಮಾಡಿ ಕೇಳಿ: ಯಾವ ಕಾರಣಕ್ಕೆ ಹಾಕಿದ್ದು, ಯಾವಾಗ ತೆಗೆಯಬೇಕು? ಉತ್ತರವನ್ನು ಫೈಲಿನಲ್ಲಿ ಬರೆದಿಡಿ.

ಒಪ್ಪುವಂಥ ಕಾರಣಗಳು ಕೆಲವೇ. ಪ್ರಾಸ್ಟೇಟ್ ದೊಡ್ಡದಾಗಿಯೋ ಬೇರೆ ತೊಂದರೆಯಿಂದಲೋ ಮೂತ್ರ ಕಟ್ಟಿಕೊಂಡಿರುವುದು, ಆಪರೇಷನ್ನೂ ಆಗದಂಥ ಸ್ಥಿತಿ. ಬೆನ್ನ ಕೆಳಗೆ ಆಳವಾದ ಬೆಡ್‌ಸೋರ್ ಇದ್ದು, ಮೂತ್ರ ತಾಗಿ ಗಾಯ ಮಾಗದೇ ಇರುವುದು. ಕೊನೆಗಾಲದಲ್ಲಿ ಪದೇ ಪದೇ ಮಗ್ಗುಲು ಬದಲಿಸುವುದೇ ಹಿಂಸೆಯಾಗುವಾಗ ನೆಮ್ಮದಿಗಾಗಿ ಹಾಕುವುದು. "ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ", "ರಾತ್ರಿ ಜನ ಇಲ್ಲ" ಎನ್ನುವುದು ಕಾರಣವಲ್ಲ. ಅದು ನಮ್ಮ ಅನುಕೂಲ.

ಬದಲಿ ದಾರಿಗಳಿವೆ. ಎರಡೆರಡು ಗಂಟೆಗೊಮ್ಮೆ ಬಾತ್‌ರೂಮಿಗೆ ಕರೆದೊಯ್ಯುವುದು ಅಥವಾ ಬೆಡ್‌ಪ್ಯಾನ್ ಕೊಡುವುದು. ಒಳ್ಳೆಯ ಡೈಪರ್, ಹೊತ್ತಿಗೆ ಸರಿಯಾಗಿ ಬದಲಾವಣೆ. ಮೂತ್ರ ಕಟ್ಟದ ಗಂಡಸರಿಗೆ ಕಾಂಡಮ್ ಕ್ಯಾಥೆಟರ್. ಇದು ಹೊರಗಷ್ಟೇ ಇರುತ್ತದೆ, ಮೂತ್ರಕೋಶಕ್ಕೆ ಹೋಗುವುದಿಲ್ಲ. ಮೂತ್ರ ಪೂರ್ತಿ ಖಾಲಿಯಾಗದವರಿಗೆ ದಿನಕ್ಕೆ ಕೆಲವು ಸಲ ಪೈಪು ಹಾಕಿ, ಖಾಲಿ ಮಾಡಿ, ತಕ್ಷಣ ತೆಗೆಯುವ ಪದ್ಧತಿ. ಯಾರಿಗೆ ಯಾವುದು ಅಂತ ಡಾಕ್ಟರ್ ನಿರ್ಧರಿಸಲಿ. ಆದರೆ ಕೇಳಬೇಕಾದವರು ನಾವು.

ಹಾಕುವಾಗ

ಪೈಪು ಹಾಕುವುದು ತರಬೇತಿ ಪಡೆದ ನರ್ಸ್ ಅಥವಾ ಡಾಕ್ಟರ ಕೆಲಸ. "ನೋಡಿ ನೋಡಿ ಕಲಿತಿದ್ದೀನಿ" ಅನ್ನುವ ಕೇರ್‌ಟೇಕರ್ ಕೈಗೆ ಕೊಡಬೇಡಿ. ಸ್ಟೆರೈಲ್ (ರೋಗಾಣು ಇಲ್ಲದ) ಗ್ಲೌಸು, ಸ್ಟೆರೈಲ್ ಕಿಟ್, ಹೊಸ ಜೆಲ್ಲಿ ಟ್ಯೂಬು ಇರಬೇಕು. ಹೋದ ವಾರ ತೆರೆದ ಜೆಲ್ಲಿ ನಡೆಯದು. ಅಜ್ಜಿಯರಿಗೆ ಹಾಕುವಾಗ ದಾರಿ ತಪ್ಪಿ ಯೋನಿಗೆ ಹೋದರೆ ಅದೇ ಪೈಪನ್ನು ಎಳೆದು ಮತ್ತೆ ಹಾಕುವಂತಿಲ್ಲ, ಹೊಸದು ಬೇಕು. ಹಾಗಾಗಿ ಕೈಯಳತೆಯಲ್ಲಿ ಎರಡು ಪೈಪು ಇಟ್ಟುಕೊಂಡೇ ಶುರು ಮಾಡಿ. ಮೂತ್ರ ಬಂದಿದ್ದನ್ನು ನೋಡಿದ ಮೇಲಷ್ಟೇ ಬಲೂನಿಗೆ (ಪೈಪು ಜಾರಿ ಬರದಂತೆ ಮೂತ್ರಕೋಶದೊಳಗೆ ಹಿಡಿದಿಡುವ ಅದರ ತುದಿಯ ಬಲೂನು) ಸ್ಟೆರೈಲ್ ನೀರು.

ಸೈಜು ಕೂಡ ಮುಖ್ಯ. ಪ್ಯಾಕೆಟ್ ಮೇಲಿನ ನಂಬರನ್ನು ಮೂರರಿಂದ ಭಾಗಿಸಿದರೆ ಪೈಪಿನ ದಪ್ಪ ಮಿಲಿಮೀಟರಿನಲ್ಲಿ ಸಿಗುತ್ತದೆ. 16 ನಂಬರ್ ಅಂದರೆ ಐದು ಮಿಲಿಮೀಟರಿಗಿಂತ ತುಸು ಹೆಚ್ಚು. ದೊಡ್ಡವರಲ್ಲಿ ಸಾಮಾನ್ಯವಾಗಿ 14 ಅಥವಾ 16 ಸಾಕು, ಬಲೂನಿಗೆ 10 ಮಿಲಿ. ಪಕ್ಕದಲ್ಲಿ ಸೋರುತ್ತಿದೆ ಅಂತ ಇನ್ನೂ ದಪ್ಪ ಪೈಪು ಹಾಕುವ ರೂಢಿ ಇದೆ. ಅದು ತಪ್ಪು. ಸೋರುವುದು ಹೆಚ್ಚಾಗಿ ಮೂತ್ರಕೋಶ ಹಿಂಡಿಕೊಳ್ಳುವುದರಿಂದ, ಮಲಬದ್ಧತೆಯಿಂದ, ಇಲ್ಲವೇ ಪೈಪು ಕಟ್ಟಿಕೊಂಡಿರುವುದರಿಂದ. ದಪ್ಪ ಪೈಪು ಒಳಗಡೆ ಉಜ್ಜಿ ಇನ್ನಷ್ಟು ತೊಂದರೆ ಮಾಡುತ್ತದೆ.

ಪೈಪು ಮತ್ತು ಬ್ಯಾಗು ಇರಬೇಕಾದ ರೀತಿ

ಪೈಪನ್ನು ತೊಡೆಗೆ ಅಂಟಿಸಿ. ಪ್ರತಿ ಸಲ ಮಗ್ಗುಲು ಬದಲಿಸುವಾಗ ಅದು ಎಳೆದಾಡಿದರೆ ಮೂತ್ರನಾಳದ ಒಳಪದರ ಕೆರೆದುಹೋಗುತ್ತದೆ. ಕೆರೆದ ಜಾಗ ರೋಗಾಣುವಿಗೆ ಹಬ್ಬ. ಹೆಂಗಸರಿಗೆ ಒಳತೊಡೆಗೆ, ಗಂಡಸರಿಗೆ ತೊಡೆಯ ಮೇಲ್ಭಾಗಕ್ಕೆ ಅಥವಾ ಕಿಬ್ಬೊಟ್ಟೆಗೆ. ಇದಕ್ಕೆಂದೇ ಪಟ್ಟಿ ಸಿಗುತ್ತದೆ. ಇಲ್ಲದಿದ್ದರೆ ಮೆಡಿಕಲ್ ಟೇಪು. ಸ್ವಲ್ಪ ಸಡಿಲ ಬಿಡಿ, ಕಾಲು ಚಾಚಿದರೆ ಬಿಗಿಯಬಾರದು. ಟೇಪಿನ ಜಾಗವನ್ನು ಆಗಾಗ ಬದಲಿಸಿ. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆ ಇದ್ದ ಹಾಗೆ.

ಬ್ಯಾಗು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ. ಆದರೆ ನೆಲಕ್ಕೆ ತಾಗಬಾರದು. ಮಂಚದ ಪಟ್ಟಿಗೆ ಹುಕ್ ಹಾಕಿ. ಏರಿಸಿ ಇಳಿಸುವ ಸೈಡ್ ರೈಲಿಗೆ ಬೇಡ, ರೈಲು ಮೇಲೆ ಹೋದರೆ ಬ್ಯಾಗೂ ಮೇಲೆ ಹೋಗುತ್ತದೆ. ಟ್ಯೂಬು ಎಲ್ಲೂ ಮಡಚಿಕೊಳ್ಳಬಾರದು, ಉಯ್ಯಾಲೆಯ ಹಾಗೆ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಬಾರದು. ಡೈಪರ್ ಕೂಡ ಹಾಕಿದ್ದರೆ ಅದರ ಅಂಚಿನಲ್ಲಿ ಪೈಪು ಒತ್ತಿಕೊಂಡಿಲ್ಲ ಅಂತ ನೋಡಿ.

ಎಲ್ಲರೂ ಎಡವುವುದು ಸಾಗಿಸುವಾಗ. ಸ್ಟ್ರೆಚರಿಗೆ ಎತ್ತುವಾಗ ಬ್ಯಾಗನ್ನು ಹೊಟ್ಟೆಯ ಮೇಲೆ ಇಡುತ್ತಾರೆ! ಗಾಲಿಕುರ್ಚಿಯಲ್ಲಿ ಮಡಿಲಲ್ಲಿ ಇಡುತ್ತಾರೆ. ಟ್ಯೂಬಿನಲ್ಲಿ ನಿಂತಿದ್ದ ಹಳೆಯ ಮೂತ್ರ ವಾಪಸ್ ಮೂತ್ರಕೋಶಕ್ಕೆ ಹೋಗುತ್ತದೆ. ಹೊರಡುವ ಮೊದಲು ಬ್ಯಾಗು ಖಾಲಿ ಮಾಡಿ. ಒಂದು ಕ್ಷಣ ಮೇಲೆತ್ತಲೇಬೇಕಾದರೆ ಟ್ಯೂಬನ್ನು ಕ್ಲಾಂಪ್ ಮಾಡಿ (ಕ್ಲಿಪ್ಪಿನಿಂದ ಒತ್ತಿ ಮುಚ್ಚಿ), ಕೆಳಗಿಟ್ಟ ತಕ್ಷಣ ತೆಗೆಯಿರಿ. ಕ್ಲಾಂಪ್ ತೆಗೆಯಲು ಮರೆತು ಅರ್ಧ ದಿನ ನರಳಿದವರಿದ್ದಾರೆ.

ಪೈಪು ಮತ್ತು ಬ್ಯಾಗಿನ ಜಾಯಿಂಟನ್ನು ಸುಮ್ನೆ ಬಿಚ್ಚಬೇಡಿ. ಸ್ನಾನಕ್ಕೂ ಬೇಡ, ಬಟ್ಟೆ ಬದಲಿಸಲೂ ಬೇಡ. ಬ್ಯಾಗನ್ನು ಪ್ಯಾಂಟಿನ ಕಾಲೊಳಗಿಂದ ತೂರಿಸಿಕೊಂಡರಾಯಿತು. ಓಡಾಡುವವರಿಗೆ ಕಾಲಿಗೆ ಕಟ್ಟುವ ಚಿಕ್ಕ ಬ್ಯಾಗು ಇದ್ದರೆ, ರಾತ್ರಿಯ ದೊಡ್ಡ ಬ್ಯಾಗನ್ನು ಅದರ ಕೆಳಗಿನ ವಾಲ್ವಿಗೆ ಜೋಡಿಸಿ. ಮೇಲಿನ ಜಾಯಿಂಟು ಮುಚ್ಚಿಯೇ ಇರಲಿ. ಬಳಸಿದ ಬ್ಯಾಗು ತೊಳೆದು ಒಣಗಿಸಿ ಮತ್ತೆ ಹಾಕುವ ಉಳಿತಾಯ ಬೇಡವೇ ಬೇಡ.

ಬ್ಯಾಗು ಖಾಲಿ ಮಾಡುವ ಕ್ರಮ

ದಿನಾ ಹಲವು ಸಲ ನಡೆಯುವ ಕೆಲಸ ಇದು. ಅದಕ್ಕೇ ಒಂದೊಂದಾಗಿ ಹೇಳುತ್ತೇನೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡರೂ ಸರಿ.

1. ಮೂರನೇ ಎರಡು ಭಾಗ ತುಂಬುವ ಮೊದಲೇ ಖಾಲಿ ಮಾಡಿ. ತುಂಬದಿದ್ದರೂ ಎಂಟು ಗಂಟೆಗೊಮ್ಮೆ, ಅಂದರೆ ಪಾಳಿಗೊಮ್ಮೆಯಾದರೂ. ಭಾರವಾದ ಬ್ಯಾಗು ಪೈಪನ್ನು ಜಗ್ಗುತ್ತದೆ.
2. ಕೈ ತೊಳೆಯಿರಿ. ಸೋಪು ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಿ. ಆಮೇಲೆ ಹೊಸ ಗ್ಲೌಸು.
3. ಆ ವ್ಯಕ್ತಿಯದೇ ಹೆಸರು ಬರೆದ ಮಗ್ಗು ತೆಗೆದುಕೊಳ್ಳಿ. ಒಬ್ಬರಿಗೆ ಒಂದು. ಮಾರ್ಕರಿನಲ್ಲಿ ಬರೆದು ಮೇಲೆ ಟೇಪು ಹಚ್ಚಿದರೆ ಅಳಿಸುವುದಿಲ್ಲ.
4. ವಾಲ್ವಿನ ತುದಿ ಮಗ್ಗಿಗೆ ತಾಗದ ಹಾಗೆ ಹಿಡಿದು ಬಿಡಿ. ನೆಲಕ್ಕೂ ಬೆರಳಿಗೂ ತಾಗಬಾರದು.
5. ಮುಗಿದ ಮೇಲೆ ತುದಿಯನ್ನು ಸ್ಪಿರಿಟ್ ಸ್ವಾಬಿನಲ್ಲಿ ಒರೆಸಿ, ವಾಲ್ವ್ ಮುಚ್ಚಿ.
6. ಎಷ್ಟು ಮಿಲಿ, ಯಾವ ಬಣ್ಣ ಎಂದು ನೋಡಿಕೊಳ್ಳಿ. ಟಾಯ್ಲೆಟ್ಟಿಗೆ ಸುರಿಯಿರಿ.
7. ಮಗ್ಗು ತೊಳೆದು ಬೋರಲು ಹಾಕಿ ಒಣಗಿಸಿ. ಗ್ಲೌಸು ತೆಗೆದು ಬಿಸಾಡಿ, ಮತ್ತೆ ಕೈ ತೊಳೆದು, ಆಮೇಲೆ ಚಾರ್ಟಿನಲ್ಲಿ ಬರೆಯಿರಿ. ಮುಂದಿನ ಮಂಚಕ್ಕೆ ಎರಡನೇ ಹಂತದಿಂದ ಪುನಃ ಶುರು.

ಗ್ಲೌಸು ಇದೆಯಲ್ಲ ಅಂತ ಕೈತೊಳೆಯುವುದನ್ನು ಬಿಡುತ್ತಾರೆ. ಗ್ಲೌಸು ನಿಮ್ಮನ್ನು ಕಾಪಾಡುತ್ತದೆ. ಬದಲಿಸದಿದ್ದರೆ ಮುಂದಿನ ಮಂಚದವರನ್ನು ಕಾಪಾಡುವುದಿಲ್ಲ.

ತೊಳೆಯುವುದು

ದಿನಕ್ಕೊಮ್ಮೆ, ಜೊತೆಗೆ ಪ್ರತಿ ಸಲ ಮಲವಿಸರ್ಜನೆ ಆದ ಮೇಲೆ. ಸಾದಾ ಸೋಪು, ಉಗುರುಬೆಚ್ಚಗಿನ ನೀರು, ಅಷ್ಟೇ. ಡೆಟಾಲ್, ಸ್ಯಾವ್ಲಾನ್, ಪೌಡರ್ ಯಾವುದೂ ಬೇಡ. ಪೈಪಿನ ಬುಡಕ್ಕೆ ಆಂಟಿಬಯೋಟಿಕ್ ಮುಲಾಮೂ ಬೇಡ. ಇವುಗಳಿಂದ ಸೋಂಕು ಕಡಿಮೆಯಾಗುವುದಿಲ್ಲ, ಚರ್ಮ ಉರಿಯುವುದು ಮಾತ್ರ ಖಂಡಿತ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ. ಗಂಡಸರಿಗೆ ಮುಂದೊಗಲನ್ನು ಹಿಂದೆ ಸರಿಸಿ ತೊಳೆದು, ಮರೆಯದೆ ಮತ್ತೆ ಮುಂದಕ್ಕೆ ತನ್ನಿ. ಹಾಗೇ ಬಿಟ್ಟರೆ ಬಾತುಕೊಂಡು ಎಮರ್ಜೆನ್ಸಿ ಆಗುತ್ತದೆ. ಪೈಪನ್ನು ಒರೆಸುವಾಗ ಮೈ ಕಡೆಯಿಂದ ಹೊರಗಡೆಗೆ, ಒಂದೇ ದಿಕ್ಕಿನಲ್ಲಿ.

ತೆರೆ ಎಳೆಯಿರಿ ಅಥವಾ ಬಾಗಿಲು ಹಾಕಿ. "ಅಜ್ಜಿ, ಈಗ ತೊಳೀತೀನಿ, ಸ್ವಲ್ಪ ತಣ್ಣಗಾಗಬಹುದು" ಅಂತ ಹೇಳಿ ಶುರು ಮಾಡಿ. ಮುಜುಗರಕ್ಕೆ ಮೈ ಬಿಗಿ ಹಿಡಿದವರನ್ನು ಶುಚಿ ಮಾಡುವುದು ಕಷ್ಟ.

ನೀರು ಮತ್ತು ಹೊಟ್ಟೆ

ಹೃದಯ ಅಥವಾ ಕಿಡ್ನಿ ತೊಂದರೆಗೆ ಡಾಕ್ಟರ್ ನೀರು ಕಡಿಮೆ ಮಾಡಲು ಹೇಳಿರದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹೋಗಲಿ. ಎಲ್ಲಾ ನೀರೇ ಆಗಬೇಕಿಲ್ಲ: ಮಜ್ಜಿಗೆ, ರಾಗಿ ಅಂಬಲಿ, ತಿಳಿಸಾರು, ಬಾರ್ಲಿ ನೀರು. ಬಾರ್ಲಿಯಲ್ಲಿ ಮಂತ್ರವೇನಿಲ್ಲ, ಅದರೊಳಗಿನ ನೀರೇ ಕೆಲಸ ಮಾಡುವುದು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ರೋಗಿಗಳಿಗೆ ಕೇಳದೆ ಕೊಡಬೇಡಿ. ಪೈಪು ಇದ್ದರೂ "ಮೂತ್ರ ಜಾಸ್ತಿ ಆಗುತ್ತೆ" ಅಂತ ನೀರು ಬೇಡ ಅನ್ನುವ ಹಿರಿಯರಿದ್ದಾರೆ. ಒಂದು ಲೋಟ ಪೂರ್ತಿ ಕೊಡುವ ಬದಲು ಗಂಟೆಗೊಂದು ಅರ್ಧ ಲೋಟ ಕೊಟ್ಟು ನೋಡಿ.

ಮಲ ಗಟ್ಟಿಯಾಗಿ ಕೂತರೆ ಅದು ಮೂತ್ರಕೋಶದ ಮೇಲೂ ಪೈಪಿನ ಮೇಲೂ ಒತ್ತುತ್ತದೆ. ಚಾರ್ಟಿನಲ್ಲಿ ಮೂತ್ರದ ಪಕ್ಕದಲ್ಲೇ ಮಲದ ಕಾಲಂ ಇರಲಿ.

ಒಂದು ದಿನ ಬ್ಯಾಗು ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ನೇರಳೆ ಹಣ್ಣು ತಿಂದದ್ದರಿಂದಲೂ ಅಲ್ಲ. ಮಲಬದ್ಧತೆ ಇರುವ ಅಜ್ಜಿಯರಲ್ಲಿ ಇದು ಹೆಚ್ಚು. ಆಹಾರದ ಟ್ರಿಪ್ಟೊಫಾನ್ ಎಂಬ ಅಂಶ ಕರುಳಿನಲ್ಲಿ ರೂಪ ಬದಲಿಸಿ ಮೂತ್ರಕ್ಕೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ನೀಲಿ ಮತ್ತು ಕೆಂಪು ಬಣ್ಣ ಮಾಡುತ್ತದೆ. ಎರಡೂ ಸೇರಿ ನೇರಳೆ. ಬಣ್ಣವೇ ಅಪಾಯವಲ್ಲ. ಡಾಕ್ಟರಿಗೆ ತಿಳಿಸಿ, ಮಲಬದ್ಧತೆ ಸರಿ ಮಾಡಿ.

ಪೈಪು ಯಾವಾಗ ಬದಲಿಸಬೇಕು

ಕ್ಯಾಲೆಂಡರ್ ನೋಡಿ ವಾರಕ್ಕೊಮ್ಮೆ ಬದಲಿಸಿದರೆ ಸೋಂಕು ತಪ್ಪುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಬ್ಲಾಕ್ ಆದಾಗ, ಸೋಂಕು ಬಂದಾಗ, ಜಾಯಿಂಟು ಬಿಚ್ಚಿಹೋದಾಗ ಅಥವಾ ಸೋರಿದಾಗ ಬದಲಿಸಬೇಕು. ಪೂರ್ತಿ ಸಿಲಿಕಾನಿನ ಪೈಪು ಹೆಚ್ಚೆಂದರೆ 12 ವಾರ ಇರಬಲ್ಲದು, ಲ್ಯಾಟೆಕ್ಸ್ ಅದಕ್ಕಿಂತ ಬೇಗ ಬದಲಿಸಬೇಕು. ಪ್ಯಾಕೆಟ್ ಮೇಲಿನ ಮಿತಿ ಮೀರಬೇಡಿ. ಕೆಲವರಿಗೆ ಅದಕ್ಕೂ ಮೊದಲೇ ಉಪ್ಪು ಕಟ್ಟುತ್ತದೆ. ಮೂರು ಸಲ ಎಷ್ಟೆಷ್ಟು ದಿನಕ್ಕೆ ಬ್ಲಾಕ್ ಆಯಿತು ಅಂತ ಬರೆದಿಟ್ಟರೆ ಅವರ ಲೆಕ್ಕ ಸಿಗುತ್ತದೆ, ಅದಕ್ಕಿಂತ ಸ್ವಲ್ಪ ಮೊದಲೇ ಬದಲಿಸಬಹುದು. ಬದಲಿಸಿದಾಗಲೆಲ್ಲ ಆಂಟಿಬಯೋಟಿಕ್ ಬೇಕಿಲ್ಲ. ಸೋಂಕು ತಡೆಯಲೆಂದು ಸಿರಿಂಜಿನಲ್ಲಿ ಮೂತ್ರಕೋಶ ತೊಳೆಯುವುದೂ ಬೇಡ.

ತೆಗೆದ ಪೈಪು, ಬ್ಯಾಗು, ಗ್ಲೌಸು ಊರಿನ ಕಸದ ಗಾಡಿಗೆ ಹೋಗಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಇವು ಕೆಂಪು ಚೀಲಕ್ಕೆ.

ಸೋಂಕು ಯಾವುದು, ಯಾವುದಲ್ಲ

ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ. ತಕ್ಷಣ ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬು ಬ್ಯಾಕ್ಟೀರಿಯಾ ಇದೆ ಅನ್ನುತ್ತದೆ. ಇರದೆ ಇನ್ನೇನು? ತಿಂಗಳಾದ ಪೈಪಿನಲ್ಲಿ ಎಲ್ಲರಿಗೂ ಇರುತ್ತದೆ ಅಂತ ಮೊದಲೇ ನೋಡಿದೆವಲ್ಲ. ಆದರೂ ಆಂಟಿಬಯೋಟಿಕ್ ಶುರು. ಅಜ್ಜನಿಗೆ ಬೇಧಿ. ಮುಂದಿನ ಸಲ ನಿಜವಾದ ಸೋಂಕು ಬಂದಾಗ ಆ ಔಷಧಿ ಕೆಲಸ ಮಾಡುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ವೃದ್ಧಾಶ್ರಮಗಳಲ್ಲಿ ನಡೆಯುವ ದೊಡ್ಡ ತಪ್ಪು ಇದೇ. ಲಕ್ಷಣ ಇಲ್ಲದಿದ್ದರೆ ಮೂತ್ರ ಪರೀಕ್ಷೆಯೇ ಬೇಡ. ಮೂತ್ರನಾಳದ ಕೆಲವು ಆಪರೇಷನ್‌ಗಳಿಗೆ ಮೊದಲು ಡಾಕ್ಟರ್ ಕೇಳಿದರೆ ಮಾತು ಬೇರೆ. ಮಬ್ಬು ಮೂತ್ರಕ್ಕೆ ಮೊದಲ ಮದ್ದು ನೀರು.

ಹಾಗಾದರೆ ಯಾವಾಗ ಫೋನ್ ಮಾಡಬೇಕು? ಜ್ವರ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ, ಅಥವಾ ಅವರ ಮಾಮೂಲಿ ಮಟ್ಟಕ್ಕಿಂತ ಎರಡು ಡಿಗ್ರಿ ಏರಿದಾಗ. ವಯಸ್ಸಾದವರಿಗೆ ಜ್ವರ ಜೋರಾಗಿ ಬರುವುದಿಲ್ಲ, ಅದಕ್ಕೇ ಆರೋಗ್ಯವಾಗಿದ್ದಾಗಿನ ಅಳತೆ ಗೊತ್ತಿರಬೇಕು. ಚಳಿ ನಡುಕ, ಪಕ್ಕೆ ನೋವು, ಕಿಬ್ಬೊಟ್ಟೆ ನೋವು, ಗಂಡಸರಿಗೆ ಬೀಜ (ವೃಷಣ) ಊದುವುದು, ಪೈಪಿನ ಸುತ್ತ ಕೀವು, ಬಿಪಿ ಇಳಿಯುವುದು, ಇವೆಲ್ಲ ಕೂಡಲೇ ಹೇಳಬೇಕಾದವು. ನಿನ್ನೆ ಮಾತಾಡುತ್ತಿದ್ದವರು ಇವತ್ತು ಮಂಕಾಗಿ ಗೊಂದಲದಲ್ಲಿದ್ದರೆ ಅದನ್ನೂ ತಕ್ಷಣ ಹೇಳಿ. ಆದರೆ "ಯೂರಿನ್ ಇನ್‌ಫೆಕ್ಷನ್" ಎಂದು ನೀವೇ ಹಣೆಪಟ್ಟಿ ಹಚ್ಚಬೇಡಿ. ನೀರು ಕಡಿಮೆಯಾಗಿರಬಹುದು, ಸಕ್ಕರೆ ಇಳಿದಿರಬಹುದು, ಹೊಸ ಮಾತ್ರೆ ಇರಬಹುದು, ನ್ಯುಮೋನಿಯಾ ಇರಬಹುದು.

ಡಾಕ್ಟರ್ ಕಲ್ಚರ್ (ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಬೇಕು ಅಂದರೆ ಬ್ಯಾಗಿನಿಂದ ಸ್ಯಾಂಪಲ್ ತೆಗೆಯಬೇಡಿ. ಅಲ್ಲಿರುವುದು ಗಂಟೆಗಟ್ಟಲೆ ನಿಂತ ಮೂತ್ರ. ಪೈಪು ಎರಡು ವಾರಕ್ಕಿಂತ ಹಳೆಯದಾಗಿದ್ದು ಇನ್ನೂ ಬೇಕಿದ್ದರೆ ಮೊದಲು ಹೊಸದು ಹಾಕಿ, ಅದರಿಂದ ಬಂದ ಮೂತ್ರವನ್ನು ಕಳಿಸಬೇಕು, ಆಂಟಿಬಯೋಟಿಕ್ ಶುರು ಮಾಡುವ ಮೊದಲು.

ಕೆಲವು ಗಂಟೆಗಳಿಂದ ಬ್ಯಾಗಿಗೆ ಹನಿಯೂ ಬಂದಿಲ್ಲವೇ? ಟ್ಯೂಬ್ ಮಡಚಿದೆಯಾ, ಕ್ಲಾಂಪ್ ಹಾಕಿದೆಯಾ, ಮೈ ಕೆಳಗೆ ಸಿಕ್ಕಿದೆಯಾ ನೋಡಿ. ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ಕಾಯುವಂತಿಲ್ಲ, ಕೂಡಲೇ ನರ್ಸ್ ಬೇಕು.

ಎಳೆದುಕೊಳ್ಳುವವರು

ಮರೆವಿನ ಕಾಯಿಲೆ ಇರುವವರು ಪೈಪನ್ನು ಎಳೆಯುತ್ತಾರೆ. ಊದಿದ ಬಲೂನಿನ ಸಮೇತ ಎಳೆದರೆ ರಕ್ತ, ಗಾಯ. ಕೈ ಕಟ್ಟಿಹಾಕುವುದು ಉತ್ತರವಲ್ಲ. ಮೊದಲು ನೋವಿದೆಯಾ, ಜಗ್ಗುತ್ತಿದೆಯಾ, ಹೊಟ್ಟೆ ಕಟ್ಟಿದೆಯಾ ನೋಡಿ. ಸಡಿಲ ಪೈಜಾಮದ ಒಳಗೆ ಪೈಪು ಕಣ್ಣಿಗೆ ಬೀಳದಂತೆ ಮಾಡಿ. ಕೈಗೆ ಮಡಚಲು ಒಂದು ಟವೆಲ್, ಎಣಿಸಲು ಜಪಮಣಿ ಕೊಟ್ಟರೆ ಕೆಲವರು ಸುಮ್ಮನಾಗುತ್ತಾರೆ. ದಿನಾ ಎಳೆಯುವವರ ಪೈಪು ನಿಜಕ್ಕೂ ಬೇಕಾ ಅಂತ ಇನ್ನೊಮ್ಮೆ ಕೇಳಿ.

ಲೆಕ್ಕ ಇಡುವುದು

ದಿನವೂ ಒಂದೇ ಹೊತ್ತಿಗೆ ಎಷ್ಟು ಜನರಿಗೆ ಪೈಪಿದೆ ಎಂದು ಎಣಿಸಿ ಬರೆಯಿರಿ. ತಿಂಗಳಿಗೆ ಕೂಡಿಸಿದರೆ ಕ್ಯಾಥೆಟರ್ ದಿನಗಳು. ಆರು ಜನರಿಗೆ 30 ದಿನ ಇದ್ದರೆ 180. ಆ ತಿಂಗಳು ಒಂದು ಸೋಂಕಾಗಿದ್ದರೆ, ಒಂದನ್ನು 180ರಿಂದ ಭಾಗಿಸಿ ಸಾವಿರದಿಂದ ಗುಣಿಸಿ: 5.6. ಚಿಕ್ಕ ಜಾಗದಲ್ಲಿ ಒಂದೇ ತಿಂಗಳ ಸಂಖ್ಯೆ ನೋಡಿ ಹಿಗ್ಗಬೇಡಿ, ಕುಗ್ಗಬೇಡಿ. ಆರು ತಿಂಗಳು ನೋಡಿ. ಪಕ್ಕದಲ್ಲಿ ಪ್ರತಿಯೊಬ್ಬರ ಪೈಪಿನ ಕಾರಣ, ಹಾಕಿದ ತಾರೀಖು, ಸೈಜು, ಬಲೂನಿನ ಮಿಲಿ ಬರೆದಿರಲಿ. ಬಲೂನಿನ ಲೆಕ್ಕ ತೆಗೆಯುವ ದಿನ ಬೇಕಾಗುತ್ತದೆ.

ತೆಗೆಯುವ ದಿನ

ಡಾಕ್ಟರ್ ತೆಗೆಯಿರಿ ಅಂದರೆ ಬೆಳಗ್ಗೆ ತೆಗೆಯುವುದು ವೃದ್ಧಾಶ್ರಮಕ್ಕೆ ಅನುಕೂಲ, ಹಗಲೆಲ್ಲ ಗಮನಿಸಬಹುದು. ಅದಕ್ಕೂ ಮೊದಲು ಕ್ಲಾಂಪ್ ಹಾಕಿ ಹಾಕಿ "ಅಭ್ಯಾಸ" ಮಾಡಿಸುವ ಅಗತ್ಯವಿಲ್ಲ. ನರ್ಸ್ ಸಿರಿಂಜು ಜೋಡಿಸಿ ಬಲೂನಿನ ನೀರು ತಾನಾಗಿ ಬರಲು ಬಿಡುತ್ತಾರೆ. 10 ಮಿಲಿ ಹಾಕಿದ್ದರೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಬರದಿದ್ದರೆ ಪೈಪು ಕತ್ತರಿಸಬಾರದು, ಜಗ್ಗಬಾರದು, ಡಾಕ್ಟರಿಗೆ ಹೇಳಬೇಕು.

ಆಮೇಲೆ ನೀರು ಕುಡಿಸಿ, ಎರಡು ಗಂಟೆಗೊಮ್ಮೆ ಬಾತ್‌ರೂಮಿಗೆ ಕರೆದೊಯ್ಯಿರಿ. ಮೊದಲ ಸಲ ಸ್ವಲ್ಪ ಉರಿಯಬಹುದು. ಎಷ್ಟು ಮೂತ್ರವಾಯಿತು ಅಂತ ಅಳೆಯಿರಿ. ಆರು ಗಂಟೆಯಾದರೂ ಆಗದಿದ್ದರೆ ಫೋನ್ ಮಾಡಿ, ಹೊಟ್ಟೆ ಉಬ್ಬಿದ್ದರೆ ಅದಕ್ಕೂ ಮೊದಲೇ. ಡೈಪರ್ ಒದ್ದೆಯಾಗಿದೆ ಅಂದಮಾತ್ರಕ್ಕೆ ಎಲ್ಲಾ ಸರಿಯಿದೆ ಅಂದುಕೊಳ್ಳಬೇಡಿ. ಮೂತ್ರಕೋಶ ತುಂಬಿ ತುಳುಕಿದಾಗಲೂ ಹನಿಹನಿಯಾಗಿ ಸೋರುತ್ತದೆ. ಕಿಬ್ಬೊಟ್ಟೆ ಮುಟ್ಟಿ ನೋಡಿ, ಅನುಮಾನ ಬಂದರೆ ಸ್ಕ್ಯಾನ್ ಮಾಡಿ ಒಳಗೆ ಎಷ್ಟು ಉಳಿದಿದೆ ಅಂತ ನೋಡಲು ಡಾಕ್ಟರಿಗೆ ಹೇಳಿ.